ಮಾದರಿ ಯಂತ್ರ ಕಟ್ಟುವವರು ಕ್ಯಾಡ್ ತಂತ್ರಾಂಶ ಆರಿಸಿಕೊಳ್ಳುವ ಕ್ರಮ: ಹಂತ ಹಂತದ ಮಾರ್ಗದರ್ಶಿ

ಚಿಕ್ಕ ಉಗಿ ಯಂತ್ರ, ಮಾದರಿ ರೈಲು ಎಂಜಿನ್, ಪುಟ್ಟ ಪೆಟ್ರೋಲ್ ಎಂಜಿನ್ ಕಟ್ಟುವ ಹವ್ಯಾಸಿಗಳು ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿಯಲು ಹೊರಟಾಗ ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ತಂತ್ರಾಂಶವನ್ನು ಇಳಿಸಿಕೊಳ್ಳುತ್ತಾರೆ, ವಿಡಿಯೊ ನೋಡುತ್ತಾ ಅದರಲ್ಲಿದ್ದ ಬ್ರ್ಯಾಕೆಟ್ ಬಿಡಿಸುತ್ತಾರೆ. ಅದು ಚೆನ್ನಾಗಿಯೇ ಬರುತ್ತದೆ. ಮುಂದಿನ ವಾರ ತಮ್ಮದೇ ಸಿಲಿಂಡರಿಗೆ ಕೈ ಹಾಕಿದರೆ ಎಲ್ಲವೂ ಕಗ್ಗಂಟು. ತಂತ್ರಾಂಶವೇ ಸರಿಯಿಲ್ಲ ಎಂದುಕೊಂಡು ಇನ್ನೊಂದನ್ನು ಇಳಿಸಿಕೊಳ್ಳುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ನಾಲ್ಕು ತಂತ್ರಾಂಶಗಳ ಮೊದಲ ಪಾಠ ಬಾಯಿಪಾಠವಾಗಿರುತ್ತದೆ, ಒಂದು ಯಂತ್ರದ ನಕ್ಷೆಯೂ ಪೂರ್ತಿಯಾಗಿರುವುದಿಲ್ಲ.

ಇಲ್ಲಿ ಕೆಲಸದ ಕ್ರಮವೇ ತಲೆಕೆಳಗಾಗಿದೆ. ಲೇತಿನ ಪಕ್ಕದಲ್ಲಿ ನಿಂತಾಗ ಕೈಯಲ್ಲಿ ಏನಿರಬೇಕು ಎಂಬುದು ಮೊದಲ ಪ್ರಶ್ನೆ. ತಂತ್ರಾಂಶದ ಹೆಸರು ಕೊನೆಯದು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಡಿ.

## ಶುರು ಮಾಡುವ ಮೊದಲು ಕೈಗೆಟುಕಬೇಕಾದವು

ಒತ್ತಬಹುದಾದ ಚಕ್ರವಿರುವ ಮೂರು ಗುಂಡಿಯ ಮೌಸ್, ವರ್ನಿಯರ್ ಕ್ಯಾಲಿಪರ್, ಉಕ್ಕಿನ ಅಳತೆಪಟ್ಟಿ, ಒಂದು ಪ್ರಿಂಟರ್, ಪೆನ್ಸಿಲ್ ಮತ್ತು ಕಾಗದ. ಜೊತೆಗೆ ನೀವು ಈಗಾಗಲೇ ಕೈಯಿಂದ ಮಾಡಿ ಮುಗಿಸಿದ ಒಂದು ಬಿಡಿಭಾಗ. ಅದರ ಪ್ರತಿ ಅಳತೆಯೂ ನಿಮಗೆ ಗೊತ್ತಿರುವುದರಿಂದ ತಂತ್ರಾಂಶ ತಪ್ಪಿದರೂ ನೀವು ತಪ್ಪಿದರೂ ಕೂಡಲೇ ಕಾಣುತ್ತದೆ.

ಮೌಸ್ ವಿಚಾರದಲ್ಲಿ ರಾಜಿ ಬೇಡ. ಮಾದರಿಯನ್ನು ತಿರುಗಿಸುವುದು, ಸರಿಸುವುದು, ಹಿಗ್ಗಿಸುವುದು ಎಲ್ಲವೂ ಹೆಚ್ಚಾಗಿ ಮಧ್ಯದ ಗುಂಡಿ ಮತ್ತು ಚಕ್ರದಿಂದಲೇ ನಡೆಯುತ್ತವೆ. ಲ್ಯಾಪ್‌ಟಾಪಿನ ಸ್ಪರ್ಶಫಲಕದಲ್ಲಿ ಕಲಿಯಲು ಕುಳಿತವರಿಗೆ ಎರಡನೇ ದಿನಕ್ಕೇ ಬೇಸರ ಬರುತ್ತದೆ, ದೂರು ಮಾತ್ರ ತಂತ್ರಾಂಶದ ಮೇಲೆ ಬೀಳುತ್ತದೆ.

## ಹಂತ 1: ಕೊನೆಗೆ ಏನು ಹೊರಬರಬೇಕು ಎಂದು ಬರೆದಿಡಿ

ಕಾಗದದ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ಕೈಯಿಂದ ನಡೆಸುವ ಲೇತ್ ಮತ್ತು ಮಿಲ್ಲಿಂಗ್ ಯಂತ್ರ ನಿಮ್ಮಲ್ಲಿದ್ದರೆ ಬೇಕಾದದ್ದು ಅಳತೆ ನಮೂದಿಸಿದ ಮುದ್ರಿತ ನಕ್ಷೆ. ಚೌಕಟ್ಟಿನ ತಗಡುಗಳನ್ನು ಲೇಸರಿನಲ್ಲಿ ಕತ್ತರಿಸಿಕೊಡುವವರಿಗೆ ಕಳಿಸುವುದಾದರೆ ಗೆರೆಚಿತ್ರದ ಡಿಎಕ್ಸ್‌ಎಫ್ ಕಡತ. ಎರಕದ ಅಚ್ಚಿಗೆ ಬೇಕಾದ ಮಾದರಿಯನ್ನು ಮೂರು ಆಯಾಮದ ಮುದ್ರಕದಲ್ಲಿ ತೆಗೆಯುವುದಾದರೆ ಆಕಾರವನ್ನು ತ್ರಿಕೋನಗಳಲ್ಲಿ ಹಿಡಿದಿಡುವ ಕಡತ, ಎಸ್‌ಟಿಎಲ್. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರವಿದ್ದರೆ ಕತ್ತರಿಸುವ ಉಪಕರಣದ ದಾರಿಯನ್ನೂ ಲೆಕ್ಕ ಹಾಕಿಕೊಡಬೇಕು. ಕವಾಟದ ಸನ್ನೆಗಳು ಒಂದಕ್ಕೊಂದು ತಾಗದೆ ಓಡುತ್ತವೆಯೇ ಎಂದು ನೋಡುವುದಷ್ಟೇ ಉದ್ದೇಶವಾದರೆ ಚಲನೆ ತೋರಿಸಿದರೆ ಸಾಕು.

ಇವುಗಳಲ್ಲಿ ನಿಮಗೆ ಅತಿ ಮುಖ್ಯವಾದ ಎರಡನ್ನು ಮಾತ್ರ ಗುರುತಿಸಿ. ಐದೂ ಬೇಕು ಎಂದು ಬರೆದವರು ಅತಿ ದೊಡ್ಡ ತಂತ್ರಾಂಶವನ್ನೇ ಆರಿಸಿ, ಅದರ ನೂರು ಗುಂಡಿಗಳ ನಡುವೆ ಕಳೆದುಹೋಗುತ್ತಾರೆ. ಸಿಎನ್‌ಸಿ ಯಂತ್ರ ಮುಂದೆಂದೋ ಬರಬಹುದು ಎಂಬ ಆಸೆಗೆ ಈ ಪಟ್ಟಿಯಲ್ಲಿ ಜಾಗವಿಲ್ಲ.

## ಹಂತ 2: ಎರಡು ಆಯಾಮವೋ ಮೂರೋ

ಎರಡು ಆಯಾಮದ ತಂತ್ರಾಂಶವೆಂದರೆ ಡ್ರಾಯಿಂಗ್ ಬೋರ್ಡಿನದೇ ಇನ್ನೊಂದು ರೂಪ. ಗೆರೆ, ವೃತ್ತ, ಚಾಪ, ಅಳತೆ, ಅಷ್ಟೇ. ಕಾಗದದ ಮೇಲೆ ನಕ್ಷೆ ಬಿಡಿಸಿ ಪಳಗಿದವರು ಒಂದೆರಡು ವಾರಾಂತ್ಯಗಳಲ್ಲಿ ಇದನ್ನು ಹಿಡಿಯುತ್ತಾರೆ. ಚೌಕಟ್ಟು, ತಗಡು, ಲೇತಿನಲ್ಲಿ ತಿರುಗಿಸುವ ದುಂಡು ಭಾಗಗಳು, ಸನ್ನೆಗಳು ಇವಕ್ಕೆಲ್ಲ ಇದು ಧಾರಾಳವಾಗಿ ಸಾಕು. ಇದನ್ನು ಹಳತೆಂದು ತಳ್ಳಿಹಾಕುವವರ ಮಾತಿಗೆ ಕಿವಿಗೊಡಬೇಡಿ.

ಒಂದು ಭಾಗದ ಮೂರು ನೋಟಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಇಲ್ಲಿ ನೀವೇ ನೋಡಿಕೊಳ್ಳಬೇಕು. ಮುಂಭಾಗದಲ್ಲಿ ರಂಧ್ರವನ್ನು ಸರಿಸಿ, ಪಕ್ಕದ ನೋಟದಲ್ಲಿ ಸರಿಸುವುದನ್ನು ಮರೆತರೆ ಎಚ್ಚರಿಸುವವರಿಲ್ಲ. ಸಿಲಿಂಡರ್ ಗಟ್ಟಿಯೊಳಗೆ ಅಡ್ಡಡ್ಡ ಹಾಯುವ ಉಗಿ ದಾರಿಗಳು, ಎರಕದ ಬಾಗು, ಬಿಗಿ ಜಾಗದಲ್ಲಿ ಬೋಲ್ಟಿನ ತಲೆಗೆ ಸ್ಪ್ಯಾನರ್ ಹೋಗುತ್ತದೆಯೇ ಎಂಬ ಪ್ರಶ್ನೆ, ಇಂಥವಕ್ಕೆ ಮೂರು ಆಯಾಮ ಬೇಕೇ ಬೇಕು.

ಮೂರು ಆಯಾಮದಲ್ಲೂ ಎರಡು ಜಾತಿಗಳಿವೆ, ಇವನ್ನು ಬೆರೆಸಿಕೊಂಡವರು ಬಹಳ ಮಂದಿ. ಬ್ಲೆಂಡರ್‌ನಂಥವು ಆಕಾರವನ್ನು ಸಣ್ಣ ಸಣ್ಣ ಚಪ್ಪಟೆ ಮುಖಗಳಿಂದ ಕಟ್ಟುತ್ತವೆ. ಸ್ಕೆಚ್‌ಅಪ್‌ನಲ್ಲಿ ವೃತ್ತವೆಂದು ಕಾಣುವುದು ಮೂಲ ಹೊಂದಿಕೆಯಲ್ಲಿ 24 ಬದಿಗಳ ಬಹುಭುಜ. ಚಿತ್ರಕ್ಕೆ ಅದು ಒಪ್ಪುತ್ತದೆ, ಪಿಸ್ಟನ್ನಿಗೆ ಒಪ್ಪುವುದಿಲ್ಲ. ನಮಗೆ ಬೇಕಾದದ್ದು ಘನಾಕೃತಿಯ ತಂತ್ರಾಂಶ. ಅಲ್ಲಿ ವೃತ್ತ ನಿಜವಾದ ವೃತ್ತ, ಬದಲಿಸಿದ ಅಳತೆ ಆಕಾರವನ್ನೂ ಬದಲಿಸುತ್ತದೆ.

## ಹಂತ 3: ನಿಮ್ಮ ಹಳೆಯ ನಕ್ಷೆಗಳು ಯಾವ ಭಾಷೆಯಲ್ಲಿವೆ

ಈ ಹವ್ಯಾಸದ ನಕ್ಷೆಗಳಲ್ಲಿ ಬಹುಪಾಲು ಇಂಚಿನ ಭಿನ್ನರಾಶಿಗಳಲ್ಲಿವೆ. 5/16 ಇಂಚು ಎಂದರೆ 7.9375 ಮಿ.ಮೀ. ಇದನ್ನು ಒಂದು ಕಡೆ 7.9 ಎಂದೂ ಇನ್ನೊಂದು ಕಡೆ 8 ಎಂದೂ ಬರೆದರೆ ಜೋಡಣೆಯಲ್ಲಿ ದಂಡ ತೆರುತ್ತೀರಿ. ಅಳತೆ ಕೇಳುವ ಜಾಗದಲ್ಲಿ 5/16 ಎಂದು ಹಾಗೆಯೇ ತುಂಬಿದರೆ ತಂತ್ರಾಂಶ ಒಪ್ಪುತ್ತದೆಯೇ, ಮಿ.ಮೀ. ಕಡತದಲ್ಲೂ ಇಂಚು ಎಂದು ಸೂಚಿಸಲು ಆಗುತ್ತದೆಯೇ ನೋಡಿ. ಒಪ್ಪದಿದ್ದರೆ ಪ್ರತಿ ಅಳತೆಗೂ ಕ್ಯಾಲ್ಕುಲೇಟರ್ ಹಿಡಿಯಬೇಕಾಗುತ್ತದೆ, ಪ್ರತಿ ಸಲವೂ ತಪ್ಪಿಗೆ ಒಂದು ಬಾಗಿಲು.

ಎರಡನೆಯದು ನೋಟಗಳನ್ನು ಜೋಡಿಸುವ ಪದ್ಧತಿ. ಬ್ರಿಟನ್ನಿನ ಹಳೆಯ ನಕ್ಷೆಗಳಲ್ಲಿ ಮೊದಲ ಕೋನದ ಪ್ರಕ್ಷೇಪಣೆ ಸಾಮಾನ್ಯ: ಎಡದಿಂದ ಕಂಡ ನೋಟವನ್ನು ಬಲಕ್ಕೆ ಬರೆಯುತ್ತಾರೆ. ಅಮೆರಿಕದ ನಕ್ಷೆಗಳಲ್ಲಿ ಮೂರನೇ ಕೋನ: ಎಡದ ನೋಟ ಎಡಕ್ಕೇ. ತಂತ್ರಾಂಶ ಒಂದನ್ನು ಊಹಿಸಿಕೊಂಡು ನೀವು ಇನ್ನೊಂದನ್ನು ಓದಿದರೆ ಸಿಲಿಂಡರ್ ಕನ್ನಡಿಯ ಬಿಂಬದಂತೆ ತಯಾರಾಗುತ್ತದೆ. ಈ ಆಯ್ಕೆ ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿಡಿ.

ಇನ್ನು ಸ್ಕ್ರೂ ಥ್ರೆಡ್‌ಗಳು. ಹಳೆಯ ಬ್ರಿಟಿಷ್ ಮಾನಕಗಳಾದ ಬಿಎ, ವಿಟ್‌ವರ್ತ್ ಮತ್ತು ಒಂದು ಇಂಚಿಗೆ 32 ಅಥವಾ 40 ಸುತ್ತುಗಳ ಮಾಡೆಲ್ ಎಂಜಿನಿಯರ್ ಥ್ರೆಡ್‌ಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ. 2 ಬಿಎ ಎಂದರೆ 4.7 ಮಿ.ಮೀ. ವ್ಯಾಸ, 0.81 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ). ತಂತ್ರಾಂಶದ ಪಟ್ಟಿಯಲ್ಲಿ ಇವು ಇಲ್ಲದಿದ್ದರೆ ಅದನ್ನು ದೊಡ್ಡ ಕೊರತೆ ಎಂದುಕೊಳ್ಳಬೇಡಿ. ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕುವ ಮುಂಚಿನ ಡ್ರಿಲ್ ಅಳತೆಯ ರಂಧ್ರ ಬಿಡಿಸಿ, ಪಕ್ಕದಲ್ಲಿ ‘2 ಬಿಎ, ಆಳ 10’ ಎಂದು ಟಿಪ್ಪಣಿ ಬರೆದರಾಯಿತು. ನೀವು ಕೊರೆಯುವುದು ಟ್ಯಾಪಿನಿಂದ, ಪರದೆಯ ಮೇಲಿನ ಸುರುಳಿಯಿಂದಲ್ಲ. ಪ್ರತಿ ಸ್ಕ್ರೂವಿನ ಸುರುಳಿಯನ್ನೂ ಬಿಡಿಸಲು ಹೋದವರ ಕಂಪ್ಯೂಟರ್ ನಲವತ್ತನೇ ಸ್ಕ್ರೂವಿಗೆ ಕುಂಟತೊಡಗುತ್ತದೆ.

ನಿಜವಾದ ರೈಲು ಎಂಜಿನ್ನಿನ ನಕ್ಷೆಯನ್ನು ಕುಗ್ಗಿಸುವವರಿಗೆ ಒಂದು ಮಾತು. 1435 ಮಿ.ಮೀ. ಹಳಿಯಗಲವನ್ನು 5 ಇಂಚಿಗೆ, ಅಂದರೆ 127 ಮಿ.ಮೀ.ಗೆ ಇಳಿಸಿದರೆ ಅನುಪಾತ 1:11.3. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಕುಗ್ಗಿಸಿದರೆ 10 ಮಿ.ಮೀ. ತಗಡು 0.89 ಮಿ.ಮೀ. ಆಗುತ್ತದೆ. ಹೊರರೂಪ ಕುಗ್ಗಬಹುದು, ದಪ್ಪವನ್ನೂ ಬೋಲ್ಟುಗಳನ್ನೂ ನೀವೇ ನಿರ್ಧರಿಸಬೇಕು.

## ಹಂತ 4: ಕಂಪ್ಯೂಟರ್ ನೋಡಿಕೊಳ್ಳಿ

ಎರಡು ಆಯಾಮದ ತಂತ್ರಾಂಶಗಳು ಹಳೆಯ ಯಂತ್ರದಲ್ಲೂ ಸರಾಗವಾಗಿ ಓಡುತ್ತವೆ. ಮೂರು ಆಯಾಮದವಕ್ಕೆ ಮೆಮೊರಿ ಮತ್ತು ಗ್ರಾಫಿಕ್ಸ್ ಎರಡೂ ಬೇಕು. ಕೆಲವು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಆನ್‌ಶೇಪ್ ಬ್ರೌಸರಿನಲ್ಲೇ ಓಡುವುದರಿಂದ ಅದಕ್ಕೆ ಇಂಟರ್ನೆಟ್ ಕಡ್ಡಾಯ. ಕಾರ್ಯಾಗಾರದಲ್ಲಿ ಸಂಪರ್ಕ ಸಿಗದಿದ್ದರೆ ಅಲ್ಲಿ ನಕ್ಷೆಯನ್ನು ತೆರೆಯಲೂ ಆಗದು ಎಂಬುದನ್ನು ಈಗಲೇ ಗಮನಿಸಿ.

## ಹಂತ 5: ಒಳಹೋಗುವ ಮೊದಲು ಹೊರಬರುವ ದಾರಿ ನೋಡಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಒಂದು ರೈಲು ಎಂಜಿನ್ ಕಟ್ಟಲು ಐದು, ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಯಾವ ತಂತ್ರಾಂಶದ ಪರವಾನಗಿಯೂ ಇದ್ದಂತೆಯೇ ಇರುವುದಿಲ್ಲ. ಹಿಂದೆ ಉಚಿತವಾಗಿದ್ದ ಡ್ರಾಫ್ಟ್‌ಸೈಟ್ 2019ರ ಕೊನೆಗೆ ಹಣ ಕೊಡುವವರಿಗೆ ಮಾತ್ರ ಎಂದಾಯಿತು. ಫ್ಯೂಷನ್ ಎಂಬ ತಂತ್ರಾಂಶ 2020ರಲ್ಲಿ ಹವ್ಯಾಸಿಗಳ ಉಚಿತ ಪರವಾನಗಿಯನ್ನು ಬಿಗಿಗೊಳಿಸಿ, ಒಮ್ಮೆಗೆ ತಿದ್ದಬಹುದಾದ ಕಡತಗಳನ್ನು ಹತ್ತಕ್ಕೆ ಮಿತಿಗೊಳಿಸಿತು. ಕಂಪನಿಗಳಿಗೆ ಆ ಹಕ್ಕಿದೆ. ನಮ್ಮ ನಕ್ಷೆ ನಮ್ಮಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಪರವಾನಗಿಯ ಪುಟದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ಮೂಲ ಕಡತ ನನ್ನ ಡಿಸ್ಕಿನಲ್ಲಿರುತ್ತದೆಯೇ, ದೂರದ ಸರ್ವರಿನಲ್ಲಿಯೇ? ನನ್ನ ನಕ್ಷೆ ಬೇರೆಯವರಿಗೂ ಕಾಣುತ್ತದೆಯೇ? ಆನ್‌ಶೇಪಿನ ಉಚಿತ ಖಾತೆಯಲ್ಲಿ ಎಲ್ಲ ನಕ್ಷೆಗಳೂ ಸಾರ್ವಜನಿಕ. ಮಾಡಿದ ಭಾಗವನ್ನು ಮಾರಬಹುದೇ? ಉಚಿತ ಆವೃತ್ತಿಯ ಕಡತ ಹಣದ ಆವೃತ್ತಿಯಲ್ಲಿ ತೆರೆಯುತ್ತದೆಯೇ? ಸಾಲಿಡ್ ಎಡ್ಜ್‌ನ ಸಮುದಾಯ ಆವೃತ್ತಿಯ ಕಡತಗಳು ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಅದರ ನಕ್ಷೆಗಳ ಮೇಲೆ ನೀರುಗುರುತೂ ಬರುತ್ತದೆ.

ಹೊರಬರುವ ದಾರಿಯ ಹೆಸರುಗಳು ಮೂರು. ಘನಾಕೃತಿಗೆ ಸ್ಟೆಪ್, ಗೆರೆಚಿತ್ರಕ್ಕೆ ಡಿಎಕ್ಸ್‌ಎಫ್, ಓದಲು ಪಿಡಿಎಫ್. ಸ್ಟೆಪ್ ಕಡತದಲ್ಲಿ ಆಕಾರ ಕರಾರುವಾಕ್ಕಾಗಿ ಉಳಿಯುತ್ತದೆ, ಆದರೆ ಅದನ್ನು ಕಟ್ಟಿದ ಹೆಜ್ಜೆಗಳು ಉಳಿಯುವುದಿಲ್ಲ. ಎಸ್‌ಟಿಎಲ್ ಅನ್ನು ದಾಖಲೆ ಎಂದು ನಂಬಬೇಡಿ. ಅದು ತ್ರಿಕೋನಗಳ ಮೂಟೆ, ಅದರಲ್ಲಿ ಅಳತೆಯ ಮಾನವೂ ಇರುವುದಿಲ್ಲ. ಇಂಚಿನಲ್ಲಿ ಬರೆದದ್ದನ್ನು ಮಿ.ಮೀ. ಎಂದು ಓದಿದರೆ ಭಾಗ 25.4 ಪಟ್ಟು ಚಿಕ್ಕದಾಗಿ ಬರುತ್ತದೆ.

## ಹಂತ 6: ಪಟ್ಟಿಯನ್ನು ಎರಡಕ್ಕೆ ಇಳಿಸಿ

ಮುದ್ರಿತ ನಕ್ಷೆ ಮತ್ತು ಲೇಸರ್ ಕಡತ ಇಷ್ಟೇ ಬೇಕಾದವರು ಲಿಬ್ರೆಕ್ಯಾಡ್ ಅಥವಾ ಕ್ಯೂಕ್ಯಾಡ್ ನೋಡಲಿ. ಎರಡೂ ಡಿಎಕ್ಸ್‌ಎಫ್‌ನಲ್ಲಿ ಸಲೀಸು. ಲಿಬ್ರೆಕ್ಯಾಡ್ ಉಚಿತ ಮತ್ತು ಮುಕ್ತ, ಆದರೆ ಪೂರ್ತಿ ಎರಡು ಆಯಾಮದ್ದು. ಸನ್ನೆಗಳ ಚಲನೆ ನೋಡುವವರಿಗೆ ಪುಟ್ಟ ಸಾಲ್ವ್‌ಸ್ಪೇಸ್ ಒಳ್ಳೆಯ ಗೆಳೆಯ. ಮೂರು ಆಯಾಮ ಬೇಕು, ಕಡತವೂ ನಮ್ಮಲ್ಲೇ ಇರಬೇಕು ಎನ್ನುವವರಿಗೆ ಫ್ರೀಕ್ಯಾಡ್. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಜೋಡಣೆಯ ವಿಭಾಗ ಒಳಗೇ ಬಂತು. ಹಿಂದಿನ ಹೆಜ್ಜೆ ತಿದ್ದಿದರೆ ಮುಂದಿನವು ಜಾಗ ತಪ್ಪುತ್ತಿದ್ದ ಹಳೆಯ ತೊಂದರೆಯೂ ಬಹಳ ಮಟ್ಟಿಗೆ ತಗ್ಗಿತು. ಅದಕ್ಕಿಂತ ಹಿಂದಿನ ಆವೃತ್ತಿಗಳ ಪಾಠ ನೋಡಿ ಕಲಿಯಬೇಡಿ, ಗುಂಡಿಗಳೇ ಬೇರೆ ಕಡೆ ಇವೆ.

ಸಿಎನ್‌ಸಿ ಇರುವವರಿಗೆ ಫ್ಯೂಷನ್ ಅನುಕೂಲ, ನಕ್ಷೆಯಿಂದ ಯಂತ್ರದ ದಾರಿಯವರೆಗೆ ಒಂದೇ ಕಡೆ ಮುಗಿಯುತ್ತದೆ. ಒಮ್ಮೆ ಹಣ ಕೊಟ್ಟು ವಿಂಡೋಸ್‌ನಲ್ಲಿ ನೆಮ್ಮದಿಯಾಗಿ ಇರಬೇಕೆನ್ನುವವರು ಅಲಿಬ್ರೆಯ ಹವ್ಯಾಸಿ ಆವೃತ್ತಿ ನೋಡಬಹುದು. ಆಕಾರವನ್ನು ಆಜ್ಞೆಗಳಾಗಿ ಬರೆದು ಯೋಚಿಸುವ ಅಭ್ಯಾಸವಿರುವವರಿಗೆ ಓಪನ್‌ಎಸ್‌ಕ್ಯಾಡ್ ಇದೆ. ಗಿಯರುಗಳಿಗೆ, ಮರುಕಳಿಸುವ ಆಕಾರಗಳಿಗೆ ಅದು ಸೊಗಸು, ಅಳತೆಯ ನಕ್ಷೆ ಬೇಕಾದವರಿಗೆ ಅಲ್ಲ.

ಎರಡನ್ನು ಮಾತ್ರ ಉಳಿಸಿಕೊಳ್ಳಿ. ಮೂರನೆಯದು ಪಟ್ಟಿಗೆ ಬಂದರೆ ಪರೀಕ್ಷೆ ಎಂದಿಗೂ ಮುಗಿಯುವುದಿಲ್ಲ.

## ಹಂತ 7: ತೂಗಾಡುವ ಸಿಲಿಂಡರಿನ ಪರೀಕ್ಷೆ

ಇಲ್ಲಿಯವರೆಗಿನದು ಓದು, ಇನ್ನು ಕೆಲಸ. ಎರಡು ತಂತ್ರಾಂಶಗಳಲ್ಲೂ ಒಂದೇ ಯಂತ್ರವನ್ನು ಆರಂಭದಿಂದ ಮುದ್ರಣದವರೆಗೆ ಒಯ್ಯಬೇಕು. ತೂಗಾಡುವ ಸಿಲಿಂಡರಿನ ಪುಟ್ಟ ಉಗಿ ಯಂತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇದರಲ್ಲಿ ಬೇರೆ ಕವಾಟವಿಲ್ಲ, ಸಿಲಿಂಡರೇ ಗೂಟದ ಮೇಲೆ ಅತ್ತಿತ್ತ ವಾಲಿ ಉಗಿಯ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಭಾಗಗಳು ಕಡಿಮೆ, ಆದರೆ ಚಲನೆ ಇದೆ, ರಂಧ್ರಗಳು ಒಂದಕ್ಕೊಂದು ಹೊಂದಬೇಕು, ಉತ್ತರವನ್ನು ಕೈಲೆಕ್ಕದಲ್ಲೂ ತಾಳೆ ನೋಡಬಹುದು.

7.1 ಗೆರೆಚಿತ್ರ. ಸಿಲಿಂಡರ್ ತೂಗುವ ಗೂಟದ ಕೇಂದ್ರದಿಂದ ಕ್ರ್ಯಾಂಕಿನ ಕೇಂದ್ರಕ್ಕೆ 60 ಮಿ.ಮೀ. ಇಡಿ. ಕ್ರ್ಯಾಂಕ್ ತ್ರಿಜ್ಯ 10, ಅಂದರೆ ಪಿಸ್ಟನ್ನಿನ ಓಟ 20. ಗೂಟದ ಕೇಂದ್ರದಿಂದ ಸಿಲಿಂಡರಿನ ಪೋರ್ಟಿಗೆ, ಅಂದರೆ ಉಗಿ ಹೋಗಿಬರುವ ರಂಧ್ರಕ್ಕೆ, 15. ಗೂಟದಿಂದ ಕ್ರ್ಯಾಂಕ್ ವೃತ್ತಕ್ಕೆ ಸ್ಪರ್ಶರೇಖೆ ಎಳೆದರೆ ಸಿಲಿಂಡರ್ ಅತಿ ಹೆಚ್ಚು ವಾಲುವ ಸ್ಥಾನ ಸಿಗುತ್ತದೆ. ವಾಲುವ ಕೋನ 9.59 ಡಿಗ್ರಿ. ನೇರ ನಿಂತಾಗಿನ ಪೋರ್ಟಿಗೂ ಪೂರ್ತಿ ವಾಲಿದಾಗಿನ ಪೋರ್ಟಿಗೂ ನಡುವಿನ ದೂರವನ್ನು ತಂತ್ರಾಂಶದಿಂದಲೇ ಅಳೆಯಿರಿ. 2.51 ಮಿ.ಮೀ. ಬರಬೇಕು. ಬೇರೆ ಬಂದರೆ ಎಲ್ಲೋ ಒಂದು ಗೆರೆ ಕಣ್ಣಳತೆಯಲ್ಲಿ ತಾಗಿದಂತಿದೆ, ನಿಜವಾಗಿ ತಾಗಿಲ್ಲ.

ಈ ಸಂಖ್ಯೆಯಲ್ಲೇ ಯಂತ್ರದ ಜೀವವಿದೆ. ಸಿಲಿಂಡರಿನ ರಂಧ್ರ ಮತ್ತು ಪೂರ್ತಿ ವಾಲಿದಾಗ ಅದಕ್ಕೆ ಎದುರಾಗುವ ಕಂಬದ ರಂಧ್ರ, ಎರಡರ ವ್ಯಾಸವೂ 2.5 ಆದರೆ ಸಿಲಿಂಡರ್ ನೇರ ನಿಂತ ಕ್ಷಣ ಅವು ಒಂದನ್ನೊಂದು ಮುಟ್ಟುವ ಅಂಚಿನಲ್ಲಿರುತ್ತವೆ, ಕಿಂಚಿತ್ ಸವೆದರೂ ಉಗಿ ಸೋರುತ್ತದೆ. 2.3 ಇಟ್ಟರೆ ರಂಧ್ರಗಳ ಅಂಚುಗಳ ನಡುವೆ 0.2 ಮಿ.ಮೀ. ಮುಚ್ಚಿದ ಜಾಗ ಸಿಗುತ್ತದೆ.

7.2 ಕಟ್ಟುಪಾಡುಗಳು. ಈ ಗೆರೆ ಆ ವೃತ್ತವನ್ನು ಸ್ಪರ್ಶಿಸಲೇಬೇಕು, ಈ ಎರಡು ರಂಧ್ರ ಸಮ ಇರಲೇಬೇಕು ಎಂದು ಕಟ್ಟಿಹಾಕುವ ಸೌಲಭ್ಯಕ್ಕೆ ಕಾನ್‌ಸ್ಟ್ರೇಂಟ್ ಎನ್ನುತ್ತಾರೆ. ಅದು ಇದ್ದರೆ ಕ್ರ್ಯಾಂಕ್ ತ್ರಿಜ್ಯವನ್ನು 10ರಿಂದ 12ಕ್ಕೆ ಬದಲಿಸಿ. ಪೋರ್ಟುಗಳ ದೂರ ತಾನಾಗಿ 3.02 ಆಗಬೇಕು. ಲಿಬ್ರೆಕ್ಯಾಡ್‌ನಂಥವುಗಳಲ್ಲಿ ಈ ಸೌಲಭ್ಯವಿಲ್ಲ, ಮತ್ತೆ ಬಿಡಿಸಬೇಕು. ಅದಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಿ. ಐದು ನಿಮಿಷವಾದರೆ ತೊಂದರೆಯೇನಿಲ್ಲ.

7.3 ಘನಾಕೃತಿ ಮತ್ತು ಜೋಡಣೆ. ಮೂರು ಆಯಾಮದವರು ಸಿಲಿಂಡರ್, ಪಿಸ್ಟನ್, ಕಂಬ, ಕ್ರ್ಯಾಂಕ್ ತಟ್ಟೆ, ಫ್ಲೈವೀಲ್ ಇಷ್ಟನ್ನು ಮಾಡಿ ಜೋಡಿಸಲಿ. ಫ್ಲೈವೀಲನ್ನು ಮೌಸಿನಿಂದ ಒಂದು ಸುತ್ತು ತಿರುಗಿಸಿ. ಪಿಸ್ಟನ್ ಸಿಲಿಂಡರಿನ ತಳ ಗುದ್ದುತ್ತದೆಯೇ? ಪಿಸ್ಟನ್ ಕಡ್ಡಿಯ ತುದಿ ಕಂಬಕ್ಕೆ ತಾಗುತ್ತದೆಯೇ? ಅಂಚುಗಳ ಬಾಗು, ಮೂಲೆಗಳ ದುಂಡುತನ ಇವನ್ನು ಕೊನೆಗೆ ಮಾಡಿ. ಮೊದಲೇ ಮಾಡಿದರೆ ಮುಂದಿನ ಪ್ರತಿ ತಿದ್ದುಪಡಿಯೂ ಅವುಗಳ ಮೇಲೆ ನಿಂತು ಕುಸಿಯುತ್ತದೆ.

7.4 ಮುದ್ರಣ. ಸಿಲಿಂಡರಿನ ನಕ್ಷೆಯನ್ನು ಮೂರು ನೋಟ, ಒಂದು ಸೀಳುನೋಟ ಸಮೇತ ತಯಾರಿಸಿ. ಒಂದು ಮೂಲೆಯಲ್ಲಿ 100 ಮಿ.ಮೀ. ಉದ್ದದ ಗೆರೆ ಹಾಕಿ, 1:1ರಲ್ಲಿ ಮುದ್ರಿಸಿ, ಉಕ್ಕಿನ ಪಟ್ಟಿಯಿಂದ ಅಳೆಯಿರಿ. 96 ಅಥವಾ 97 ಬಂದರೆ ಪುಟಕ್ಕೆ ಹೊಂದಿಸುವ ಆಯ್ಕೆ ಪ್ರಿಂಟರಿನಲ್ಲಿ ಚಾಲೂ ಇದೆ. ನಂತರ ಆ ಕಾಗದವನ್ನು ಒಂದು ರಾತ್ರಿ ಪಕ್ಕಕ್ಕಿಟ್ಟು, ಮರುದಿನ ಕಂಪ್ಯೂಟರ್ ತೆರೆಯದೆ ಅದರಿಂದ ಮಾತ್ರ ಭಾಗವನ್ನು ತಯಾರಿಸಲು ಆಗುತ್ತದೆಯೇ ಎಂದು ಓದಿ ನೋಡಿ. ಕಾಣೆಯಾದ ಅಳತೆಗಳು ಆಗ ತಾವೇ ಎದ್ದು ಬರುತ್ತವೆ.

7.5 ಹೊರಗೆ ಕಳಿಸಿ ಒಳಗೆ ಕರೆಯಿರಿ. ತಳಹಲಗೆಯನ್ನು ಡಿಎಕ್ಸ್‌ಎಫ್ ಆಗಿ ಉಳಿಸಿ ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಅಳತೆ ಸರಿಯಿದೆಯೇ, ಹೊರರೇಖೆ ಎಲ್ಲೂ ತುಂಡಾಗದೆ ಮುಚ್ಚಿದೆಯೇ, ಒಂದೇ ಗೆರೆಯ ಮೇಲೆ ಇನ್ನೊಂದು ಕೂತಿದೆಯೇ ನೋಡಿ. ಜೋಡಿ ಗೆರೆ ಇದ್ದರೆ ಲೇಸರ್ ಅದೇ ದಾರಿಯಲ್ಲಿ ಎರಡು ಸಲ ಸುಡಬಹುದು. ಸಿಲಿಂಡರನ್ನು ಸ್ಟೆಪ್ ಆಗಿ ಉಳಿಸಿ ಹಾಗೆಯೇ ಪರೀಕ್ಷಿಸಿ.

## ಹಂತ 8: ಕೈಬಿಡಬೇಕಾದ ಸೂಚನೆಗಳು

ನಕ್ಷೆಯ ಅಳತೆಯನ್ನು ಕೈಯಿಂದ ಅಳಿಸಿ ಬೇರೆ ಸಂಖ್ಯೆ ಬರೆಯಬೇಕಾಗಿ ಬಂದರೆ ಅಲ್ಲೇ ನಿಲ್ಲಿ. ಆಕಾರ ಒಂದು ಹೇಳುತ್ತಿದೆ, ಕಾಗದ ಇನ್ನೊಂದು ಹೇಳುತ್ತಿದೆ ಎಂದರ್ಥ. ಎರಡು ವಾರವಾದರೂ ಒಂದು ರಂಧ್ರವನ್ನು ಸರಿಸಲು ವಿಡಿಯೊ ಹುಡುಕುತ್ತಿದ್ದರೆ ಆ ತಂತ್ರಾಂಶದ ಯೋಚನೆಯ ದಾರಿ ನಿಮ್ಮದಲ್ಲ. ಬೆಲೆ, ಜನಪ್ರಿಯತೆ ಯಾವುದೂ ಅದನ್ನು ಸರಿಪಡಿಸದು. ಮುದ್ರಿತ ನಕ್ಷೆಯನ್ನು ತೆಗೆಯಲು ಹಣದ ಆವೃತ್ತಿ ಬೇಕು ಎಂದು ಕೊನೆಯ ಗಳಿಗೆಯಲ್ಲಿ ತಿಳಿದರೂ ಕೈಬಿಡಿ.

ಕೈಬಿಡಲು ಕಾರಣವಲ್ಲದವೂ ಇವೆ. ಗೆರೆಗಳಿಗೆ ಸರಿಯಾಗಿ ಕಟ್ಟುಪಾಡು ಹಾಕದೆ ಇದ್ದಾಗ ಅಳತೆ ಬದಲಿಸಿದರೆ ಆಕಾರ ಚೆಲ್ಲಾಪಿಲ್ಲಿಯಾಗುತ್ತದೆ. ಇದು ಎಲ್ಲ ತಂತ್ರಾಂಶಗಳಲ್ಲೂ ಆಗುವಂಥದ್ದು. ತಪ್ಪು ಗೆರೆಚಿತ್ರದಲ್ಲಿದೆ, ಅದನ್ನೇ ತಿದ್ದಿ.

## ಹಂತ 9: ಆರಿಸಿದ ಮೇಲಿನ ಮೊದಲ ತಿಂಗಳು

ಉಳಿದದ್ದನ್ನು ಕಂಪ್ಯೂಟರಿನಿಂದ ಅಳಿಸಿಹಾಕಿ. ಅಳತೆಯ ಮಾನ, ಪ್ರಕ್ಷೇಪಣೆಯ ಕೋನ, ಅಕ್ಷರದ ಗಾತ್ರ, ಹೆಸರಿನ ಚೌಕ ಇವನ್ನೆಲ್ಲ ಹೊಂದಿಸಿದ ಒಂದು ಖಾಲಿ ನಕ್ಷೆಯನ್ನು ಉಳಿಸಿಟ್ಟು ಪ್ರತಿ ಸಲ ಅದರಿಂದಲೇ ಶುರು ಮಾಡಿ. ಪ್ರತಿ ಭಾಗಕ್ಕೆ ಒಂದು ಕಡತ, ಹೆಸರಿನಲ್ಲಿ ಭಾಗದ ಸಂಖ್ಯೆ ಮತ್ತು ತಿದ್ದುಪಡಿಯ ಸಂಖ್ಯೆ. ಮುದ್ರಿಸಿದ ಕಾಗದದ ಮೇಲೂ ಅದೇ ತಿದ್ದುಪಡಿಯ ಸಂಖ್ಯೆ ಇರಲಿ, ಇಲ್ಲದಿದ್ದರೆ ಲೇತಿನ ಬಳಿ ಯಾವ ಹಾಳೆ ಹೊಸದು ಎಂದು ತಿಳಿಯುವುದಿಲ್ಲ.

ಲೇತಿನಲ್ಲಿ ಅಳತೆ ಬದಲಿಸಿದರೆ ಅದೇ ಸಂಜೆ ನಕ್ಷೆಯಲ್ಲೂ ಬದಲಿಸಿ. ಭಾಗ ಮುಗಿದ ದಿನ ಮೂಲ ಕಡತದ ಜೊತೆಗೆ ಸ್ಟೆಪ್ ಮತ್ತು ಪಿಡಿಎಫ್ ಪ್ರತಿಗಳನ್ನು ಬೇರೊಂದು ಡಿಸ್ಕಿಗೆ ಹಾಕಿ. ತಂತ್ರಾಂಶದ ಹೊಸ ಆವೃತ್ತಿಯನ್ನು ಯಂತ್ರದ ಕೆಲಸ ಅರ್ಧದಲ್ಲಿರುವಾಗ ಹಾಕಿಕೊಳ್ಳಬೇಡಿ. ಹೊಸದರಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯದೆ ಹೋಗಬಹುದು.